ಸಾಹೇಬರು ವರ್ಗವಾದರು, ತರಬೇತಿ ಅರ್ಜಿ ಅವರ ಲಾಗಿನ್‌ನಲ್ಲೇ ಉಳಿಯಿತು

ಮಾನ್ಯ ಸಂಪಾದಕರೇ,

ದಾವಣಗೆರೆಯಲ್ಲಿ ಮುಖ್ಯ ಕಚೇರಿ ಇರುವ ಒಂದು ಸಂಸ್ಥೆಯಲ್ಲಿ ನಾನು ಕೆಲಸ ಮಾಡುತ್ತೇನೆ. ಹರಿಹರ, ಜಗಳೂರು, ಚಿತ್ರದುರ್ಗದ ಕಡೆ ನಮ್ಮ ಶಾಖೆಗಳಿವೆ. ತರಬೇತಿಗೆ ಹೋಗಬೇಕಾದರೆ ಈಗ ಕಂಪ್ಯೂಟರ್‌ನಲ್ಲೇ ಅರ್ಜಿ ಹಾಕಬೇಕು, ಮ್ಯಾನೇಜರ್ ಒಪ್ಪಬೇಕು. ಕೇಳಲು ಸುಲಭ, ಅಲ್ವಾ?

ಜಗಳೂರಿನ ಸಹೋದ್ಯೋಗಿಯೊಬ್ಬರು ಮೂರು ದಿನದ ತರಬೇತಿಗೆ ಅರ್ಜಿ ಹಾಕಿದರು. ಅದೇ ವಾರ ಅವರ ಮ್ಯಾನೇಜರ್‌ಗೆ ವರ್ಗವಾಯಿತು. ಚಾರ್ಜ್ ತೆಗೆದುಕೊಂಡವರು ತಮ್ಮ ಲಾಗಿನ್ ತೆರೆದು ತೋರಿಸಿದರು, ಪಟ್ಟಿ ಖಾಲಿ. ವಲಯದ ಸಾಹೇಬರಿಗೆ ಫೋನ್ ಮಾಡಿದರೆ "ನಿಮ್ಮ ಹೆಸರು ಕಾಣ್ತಿದೆ ಕಣಮ್ಮ, ಒಪ್ಪಿಗೆ ಕೊಡೋ ಬಟನ್ನೇ ಇಲ್ಲ" ಅಂದರು. ಕೊನೆಗೆ ಹಳೇ ಮ್ಯಾನೇಜರೇ ಫೋನ್ ಮಾಡಿ, "ನಿಮ್ಮ ಅರ್ಜಿ ಇನ್ನೂ ನನ್ನ ಹತ್ರಾನೇ ಇದೆ, ನಾನೀಗ ನಿಮ್ಮ ಶಾಖೆಯವನಲ್ಲ, ಒತ್ತಬಹುದಾ?" ಎಂದು ಕೇಳಿದರು. ಪಾಪ, ಅವರದೇನೂ ತಪ್ಪಿಲ್ಲ. ಎಲ್ಲ ಸರಿಹೋಗುವ ಹೊತ್ತಿಗೆ ತರಬೇತಿಯ ಎರಡನೇ ದಿನ ಮುಗಿದಿತ್ತು.

ವರ್ಗವಾದ ದಿನ ಬೀರುವಿನ ಕೀಲಿ, ರಬ್ಬರ್ ಸ್ಟ್ಯಾಂಪು, ರಿಜಿಸ್ಟರು ಎಲ್ಲ ಎಣಿಸಿ, ಸಹಿ ಹಾಕಿಸಿಕೊಂಡು ಚಾರ್ಜ್ ಕೊಡುತ್ತಾರೆ. ಬಾಕಿ ಇರುವ ಅರ್ಜಿಗಳನ್ನು ಯಾರೂ ಎಣಿಸುವುದಿಲ್ಲ. ಒಪ್ಪಿಗೆಯ ಹಕ್ಕನ್ನು ಹುದ್ದೆಗೆ ಕೊಡದೆ ಒಬ್ಬರ ಹೆಸರಿಗೆ ಬರೆದಿಟ್ಟರೆ ಆಗುವುದು ಇದೇ.

ಕಂಪ್ಯೂಟರ್‌ನಲ್ಲಿ ಮೇಲಿನ ಹಂತಕ್ಕೆ ಕೊಟ್ಟ ಅಧಿಕಾರ ಕೆಳಗಿನ ಹಂತಕ್ಕೂ ತಾನಾಗಿ ಇಳಿಯುವುದು ಹೊಸ ವಿಷಯವಲ್ಲ. ವಿಂಡೋಸ್‌ನಲ್ಲಿ ಒಂದು ಫೋಲ್ಡರ್‌ಗೆ ಕೊಟ್ಟ ಅನುಮತಿ, ನಾವು ತಡೆಯದಿದ್ದರೆ, ಒಳಗಿನ ಫೋಲ್ಡರ್‌ಗಳಿಗೂ ಬರುತ್ತದೆ. ಆನ್‌ಲೈನ್ ಕೋರ್ಸ್ ನಡೆಸಲು ಬಹಳ ಕಡೆ ಬಳಸುವ ಮೂಡಲ್ ತಂತ್ರಾಂಶದಲ್ಲೂ ಒಬ್ಬರನ್ನು ಕೋರ್ಸ್‌ಗಳ ಒಂದು ವಿಭಾಗಕ್ಕೆ ಮ್ಯಾನೇಜರ್ ಮಾಡಿದರೆ ಅದರೊಳಗಿನ ಕೋರ್ಸ್‌ಗಳಿಗೆಲ್ಲ ಆ ಅಧಿಕಾರ ಸಿಗುತ್ತದೆ. ಆದರೆ ಗಮನಿಸಿ, ಅದು ಕೋರ್ಸ್‌ಗಳ ಮೇಲಿನ ಅಧಿಕಾರ. ಯಾರ ಕೈಕೆಳಗೆ ಯಾರು ಕೆಲಸ ಮಾಡುತ್ತಾರೆ ಅನ್ನುವುದು ಬೇರೆಯೇ ಲೆಕ್ಕ. ಎರಡನ್ನೂ ಒಂದೇ ಅಂದುಕೊಂಡು ವ್ಯವಸ್ಥೆ ಮಾಡಿದ ಕಡೆ ಈ ಗೊಂದಲ ಜಾಸ್ತಿ.

ಹಾಗಂತ ಮೇಲಿನವರಿಗೆಲ್ಲ ಎಲ್ಲ ಹಕ್ಕನ್ನೂ ಕೊಟ್ಟುಬಿಡಿ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಇಡೀ ವಲಯದ ಅರ್ಜಿ ಒಬ್ಬರ ಮುಂದೆ ಬಂದು ಬಿದ್ದರೆ, ಜಗಳೂರಿನ ಕೌಂಟರ್‌ನಲ್ಲಿ ಆ ವಾರ ಎಷ್ಟು ಜನ ರಜೆಯಲ್ಲಿದ್ದಾರೆ ಅನ್ನುವುದು ಅವರಿಗೆ ಹೇಗೆ ಗೊತ್ತಾಗಬೇಕು? ಸುಮ್ನೆ ಎಲ್ಲವನ್ನೂ ಒಪ್ಪುತ್ತಾರೆ, ಇಲ್ಲವೇ ಎಲ್ಲವನ್ನೂ ಹಾಗೇ ಬಿಡುತ್ತಾರೆ.

ಕುರ್ಚಿ ಖಾಲಿ ಇದ್ದರೆ, ಅಥವಾ ಐದು ಕೆಲಸದ ದಿನ ಕಳೆದರೂ ಉತ್ತರ ಬರದಿದ್ದರೆ, ಅರ್ಜಿ ಒಂದೇ ಮೆಟ್ಟಿಲು ಮೇಲೆ ಹೋಗಲಿ. ಅಲ್ಲಿ ನೋಡುವ ಹಕ್ಕಿನ ಜೊತೆ ಒಪ್ಪುವ ಹಕ್ಕೂ ಇರಲಿ. ಚಾರ್ಜ್‌ನಲ್ಲಿರುವವರಿಗೆ ಆ ಹಕ್ಕು ಮೊದಲ ದಿನವೇ ಸಿಗಲಿ, ಅದಕ್ಕೊಂದು ಕೊನೆಯ ತಾರೀಖೂ ಇರಲಿ. ನೌಕರರ ತರಬೇತಿ ನೋಡಿಕೊಳ್ಳುವ ಟೋಟಾರಾ ಎಂಬ ತಂತ್ರಾಂಶದಲ್ಲಿ ತಾತ್ಕಾಲಿಕ ಮ್ಯಾನೇಜರ್ ನೇಮಿಸುವಾಗ ಅವಧಿ ಮುಗಿಯುವ ತಾರೀಖು ಹಾಕುವ ಅನುಕೂಲವಿದೆ, ಅಂದರೆ ಇದು ಆಗದ ಕೆಲಸವೇನಲ್ಲ. ಇನ್ನು ಯಾರು, ಯಾವತ್ತು, ಯಾರ ಬದಲಿಗೆ ಒಪ್ಪಿದರು ಅನ್ನುವುದು ದಾಖಲಾಗಲೇಬೇಕು, ನಾಳೆ ಆಡಿಟ್‌ನವರು ಕೇಳಿದಾಗ ಗುಮಾಸ್ತರು ಉತ್ತರ ಹುಡುಕುವಂತೆ ಆಗಬಾರದು.

ಜಗಳೂರಿನ ಸಹೋದ್ಯೋಗಿ ಮುಂದಿನ ತಂಡಕ್ಕೆ ಮತ್ತೆ ಅರ್ಜಿ ಹಾಕಿದ್ದಾರೆ. ಶಾಖೆಗೆ ಕಾಯಂ ಮ್ಯಾನೇಜರ್ ಇನ್ನೂ ಬಂದಿಲ್ಲ.

– ನೌಕರರೊಬ್ಬರು, ದಾವಣಗೆರೆ