ಸೋಮವಾರ ಕೆಲಸಕ್ಕೆ ಸೇರುವ ಹೊಸ ಚಾಲಕರಿಗೆ ಸೂಚನೆ

ಎಲ್ಲರಿಗೂ ನಮಸ್ಕಾರ. ಸೋಮವಾರ ಬೆಳಿಗ್ಗೆ 8ಕ್ಕೆ ಹೊಸ ಲಾರಿ ಡ್ರೈವರ್‌ಗಳು ನೆಲಮಂಗಲ ಯಾರ್ಡ್‌ಗೆ ಬನ್ನಿ. ಹಳಬರು ಬರಬೇಕಿಲ್ಲ.

ತರಬೇಕಾದ್ದು: ಹೆವಿ ಲೈಸೆನ್ಸ್, ಆಧಾರ್, ಬ್ಯಾಂಕ್ ಪಾಸ್‌ಬುಕ್, 4 ಫೋಟೊ. ಲೈಸೆನ್ಸ್ ಅವಧಿ ಇವತ್ತೇ ನೋಡಿಕೊಳ್ಳಿ, ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ನವೀಕರಣ 5 ವರ್ಷಕ್ಕೆ ಮಾತ್ರ. ಮೂಲ ಲೈಸೆನ್ಸನ್ನು ಪರಿಶೀಲಿಸಿ ವಾಪಸ್ ಕೊಡ್ತೀವಿ. ಎಲ್ಲೇ ಕೆಲಸಕ್ಕೆ ಸೇರಿದರೂ ಅದನ್ನು ಒತ್ತೆ ಇಡಬೇಡಿ.

ಮೊದಲು ಟ್ರಯಲ್: ರಿವರ್ಸ್, ಏರಿನಲ್ಲಿ ಗಾಡಿ ಎತ್ತುವುದು. ಬಹಳ ಜನ ಸೋಲುವುದು ಇಳಿಜಾರಿನಲ್ಲಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿದರೆ ಎಂಜಿನ್ ಹಿಡಿತ ಹೋಗಿ, ಡ್ರಮ್ ಕಾದು ಬ್ರೇಕ್ ಕೈಕೊಡುತ್ತದೆ. ಶಿರಾಡಿ ಘಾಟಿಯಲ್ಲಿ ಈ ಜಾಣತನ ಬೇಡ. ಕಡಿಮೆ ಗೇರ್, ಎಕ್ಸಾಸ್ಟ್ ಬ್ರೇಕ್ (ಹೊಗೆ ತಡೆದು ಎಂಜಿನ್‌ನಿಂದಲೇ ವೇಗ ತಗ್ಗಿಸುವುದು) ಬಳಸಿ.

ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿ ಹೊಸದಾದವರು ಕೇಳಿ: ನೀಲಿ ಮುಚ್ಚಳ ಆಡ್‌ಬ್ಲೂಗೆ, ಅಂದರೆ ಹೊಗೆ ಶುದ್ಧ ಮಾಡುವ ಯೂರಿಯಾ ದ್ರವಕ್ಕೆ. ಅದು ಖಾಲಿಯಾದರೆ ಎಂಜಿನ್ ಶಕ್ತಿ ಕುಗ್ಗುತ್ತದೆ. ತಪ್ಪಿ ಡೀಸೆಲ್ ಟ್ಯಾಂಕ್‌ಗೆ ಸುರಿದರೆ ಸ್ಟಾರ್ಟ್ ಮಾಡಲೇಬೇಡಿ, ಫೋನ್ ಮಾಡಿ.

ಲೋಡ್ ಮಾಡುವಾಗ ಎದುರಿಗೆ ನಿಂತು ನಗ (ಪೆಟ್ಟಿಗೆ, ಮೂಟೆ) ಎಣಿಸಿ, ಸೀಲ್ ನಂಬರ್‌ನ ಫೋಟೊ ತೆಗೆಯಿರಿ. ಇ-ವೇ ಬಿಲ್ (ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ಪತ್ರ) ಅವಧಿ ಸಾಮಾನ್ಯ ಸರಕಿಗೆ 200 ಕಿ.ಮೀ.ಗೆ ಒಂದು ದಿನ. ಗಾಡಿ ಕೆಟ್ಟರೆ ಕೂಡಲೇ ತಿಳಿಸಿ, ಅವಧಿ ವಿಸ್ತರಣೆಗೆ ಅದು ಮುಗಿಯುವ ಮೊದಲು 8 ಗಂಟೆ, ಮುಗಿದ ಮೇಲೆ 8 ಗಂಟೆ ಮಾತ್ರ ಅವಕಾಶ. ಇಳಿಸಿದ ಮೇಲೆ ಸಹಿ, ಸೀಲು ಇರುವ ಪಿಒಡಿ (ಸರಕು ತಲುಪಿದ ರಸೀದಿ) ಪ್ರತಿ ತನ್ನಿ. ಅದಿಲ್ಲದೆ ಟ್ರಿಪ್ ಲೆಕ್ಕ ಮುಗಿಯಲ್ಲ. ಬಾಟಾ (ಟ್ರಿಪ್ ಭತ್ಯೆ), ಟೋಲ್, ಡೀಸೆಲ್ ಕಡಿತ ಯಾವುದಕ್ಕೆ ಎಂದು ಸೇರುವ ಮೊದಲೇ ಕೇಳಿ ಬರೆಸಿಕೊಳ್ಳಿ, ಸಂಕೋಚ ಬೇಡ.

ಬರುವವರು ಶನಿವಾರ ಸಂಜೆ 6ರೊಳಗೆ ಹೆಸರು, ಓಡಿಸಿದ ಗಾಡಿ ಎಷ್ಟು ಚಕ್ರದ್ದು ಎಂದು ಈ ಗುಂಪಿನಲ್ಲೇ ಬರೆಯಿರಿ. ಲೈಸೆನ್ಸ್ ಫೋಟೊ ಗುಂಪಿಗೆ ಹಾಕಬೇಡಿ.