ಟ್ರಾಲಿ ಮುಟ್ಟುವ ಮೊದಲು ಒಂದು ಪಿರಿಯಡ್ ಕೊಡಿ

ಮಾನ್ಯ ಸಂಪಾದಕರೇ,

ನಮ್ಮ ಕಡೆ ಭೌತಶಾಸ್ತ್ರದ ಲ್ಯಾಬ್ ಶುರುವಾಗುವುದೇ ಸೀನಿಯರ್‌ಗಳ ರೆಕಾರ್ಡ್ ಬುಕ್ಕಿನಿಂದ. ಟ್ರಾಲಿ, ಅಂದರೆ ಪ್ರಯೋಗದ ಪುಟ್ಟ ಗಾಲಿಬಂಡಿ, ಮುಟ್ಟುವ ಮೊದಲೇ ಉತ್ತರ ಎಷ್ಟು ಬರಬೇಕು ಅಂತ ಹುಡುಗರಿಗೆ ಗೊತ್ತಿರುತ್ತದೆ. ಅವರನ್ನು ಬೈದು ಏನು ಪ್ರಯೋಜನ? ಬಲ ಮತ್ತು ವೇಗೋತ್ಕರ್ಷದ (ವೇಗ ಏರುವ ದರದ) ಪ್ರಯೋಗಕ್ಕೆ ನಾವು ಅವರನ್ನು ತಯಾರು ಮಾಡಿದ್ದರೆ ತಾನೆ.

ಸುರಪುರದಲ್ಲಿ ಪದವಿ ಮೊದಲ ವರ್ಷದವರಿಗೆ ಪಾಠ ಮಾಡುತ್ತೇನೆ. ಸಾಮಾನು ಹೊರಗೆ ತೆಗೆಯುವ ಮುಂಚೆ ಬೋರ್ಡಿನ ಮೇಲೆ ಚಿತ್ರ ಬರೆಯುತ್ತೇನೆ. ತೂಕದ ಬಿಲ್ಲೆಗಳೂ ಸೇರಿ 500 ಗ್ರಾಂ ಇರುವ ಟ್ರಾಲಿ. ಅದಕ್ಕೆ ಕಟ್ಟಿದ ದಾರ ರಾಟೆ ದಾಟಿ ಕೆಳಗೆ ಇಳಿದಿದೆ, ತುದಿಯಲ್ಲಿ 50 ಗ್ರಾಂ. ಅದನ್ನು 100 ಗ್ರಾಂ ಮಾಡಿದರೆ ವೇಗೋತ್ಕರ್ಷ ಏನಾಗುತ್ತದೆ?

‘ಡಬಲ್ ಆಗ್ತದ್ರೀ ಮೇಡಂ!’ ಇಡೀ ಕ್ಲಾಸಿಗೆ ಒಂದೇ ದನಿ.

ಲೆಕ್ಕ ಹಾಕಿಸುತ್ತೇನೆ. ಘರ್ಷಣೆ ಇಲ್ಲ ಅಂದುಕೊಂಡರೆ ಮೊದಲು 0.89 ಬರುತ್ತದೆ, ಆಮೇಲೆ 1.63 (ಮೀಟರ್/ಸೆಕೆಂಡ್² ಲೆಕ್ಕದಲ್ಲಿ). ಡಬಲ್ ಆಗಲಿಲ್ಲ. ಕೆಳಗಿಳಿಯುವ ತೂಕವೂ ಟ್ರಾಲಿ ಜೊತೆ ಓಡುತ್ತದಲ್ಲ, ಒಟ್ಟು ರಾಶಿ 550 ಗ್ರಾಂ ಇದ್ದದ್ದು 600 ಆಯಿತು. ಹೊಸ ಬಿಲ್ಲೆ ತರುವ ಬದಲು ಟ್ರಾಲಿ ಮೇಲಿನ 50 ಗ್ರಾಂ ತೆಗೆದು ದಾರದ ತುದಿಗೆ ಹಾಕಿ ನೋಡಿ. ಒಟ್ಟು 550 ಹಾಗೇ ಉಳಿಯುತ್ತದೆ, ವೇಗೋತ್ಕರ್ಷ 1.78. ಈಗ ಸರಿಯಾಗಿ ಎರಡು ಪಟ್ಟು. ಬಿಲ್ಲೆ ಯಾಕೆ ಅಲ್ಲಿಂದ ಇಲ್ಲಿಗೆ ಹಾಕುತ್ತೇವೆ ಅನ್ನುವುದು ಇಷ್ಟಾದ ಮೇಲೆ ಹೇಳಿಕೊಡಬೇಕಾಗಿಲ್ಲ.

ಘರ್ಷಣೆಯದು ಇನ್ನೊಂದು ಕಥೆ. ಎತ್ತು ನಿಂತರೆ ಬಂಡಿ ನಿಲ್ಲುವುದನ್ನು ನೋಡಿ ಬೆಳೆದ ಮಕ್ಕಳಿವರು. ಎಳೆಯುವುದು ನಿಂತರೆ ಓಟವೂ ನಿಲ್ಲಲೇಬೇಕು ಅಂತ ನಂಬಿರುತ್ತಾರೆ; ನಿಲ್ಲಿಸುವುದು ಘರ್ಷಣೆ ಅಂತ ಹೊಳೆಯುವುದಿಲ್ಲ. ಆ ಘರ್ಷಣೆಯನ್ನು ಇಳಿಜಾರಿನಿಂದ ಸರಿದೂಗಿಸಬೇಕು. ಟ್ರಾಲಿ ಓಡುವ ಹಲಗೆಯ ರಾಟೆ ಇಲ್ಲದ ತುದಿಗೆ ನೋಟ್‌ಬುಕ್ ಕೊಟ್ಟು ಎತ್ತರಿಸಿ, ದಾರ ಕಟ್ಟದ ಟ್ರಾಲಿಯನ್ನು ಮೆಲ್ಲಗೆ ತಳ್ಳಿಸಬೇಕು. ವೇಗ ಏರದೆ ಇಳಿಯದೆ ಸಾಗುವ ತನಕ ಒಂದೊಂದೇ ನೋಟ್‌ಬುಕ್ ಸೇರಿಸಬೇಕು. ಇದಿಷ್ಟು ಮಾಡದಿದ್ದರೆ ಬಲಕ್ಕೆ ಎದುರಾಗಿ ವೇಗೋತ್ಕರ್ಷ ಗುರುತಿಸುವ ಗ್ರಾಫಿನ ಗೆರೆ ಮೂಲಬಿಂದುವಿಗೆ ಬರುವುದಿಲ್ಲ. ಆಗ ಸುಮ್ನೆ ಸ್ಕೇಲ್ ಇಟ್ಟು ಎಳೆದು ಸೇರಿಸಿಬಿಡುತ್ತಾರೆ, ನಾವೂ ಟಿಕ್ ಹಾಕುತ್ತೇವೆ!

ಸಮಯ ಅಳೆಯುವುದನ್ನೂ ಮೊದಲೇ ಮಾತಾಡಿಕೊಳ್ಳಬೇಕು. ವೇಗೋತ್ಕರ್ಷ 1.78 ಇದ್ದಾಗ 1 ಮೀಟರ್ ಹಲಗೆ ದಾಟಲು ಬೇಕಾಗುವುದು 1.06 ಸೆಕೆಂಡ್ ಮಾತ್ರ. ಸ್ಟಾಪ್‌ವಾಚ್ ನಿಲ್ಲಿಸುವ ಬೆರಳು 0.2 ಸೆಕೆಂಡ್ ತಡ ಮಾಡಿದರೆ ಉತ್ತರ ಹತ್ತಿರ ಹತ್ತಿರ ಶೇ 30ರಷ್ಟು ಕಡಿಮೆ ಬರುತ್ತದೆ, ಸೂತ್ರದಲ್ಲಿ ಇರುವುದು ಸಮಯದ ವರ್ಗ. ಮೊಬೈಲ್‌ನಲ್ಲಿ ಸೆಕೆಂಡಿಗೆ 30 ಚಿತ್ರ ಹಿಡಿಯುವ ಸಾದಾ ವಿಡಿಯೊ ತೆಗೆದು ಚಿತ್ರ ಎಣಿಸಿದರೂ ಇದಕ್ಕಿಂತ ಎಷ್ಟೋ ವಾಸಿ. ಹುಡುಗರ ಮೊಬೈಲ್ ಬೇಡ ಅಂದರೆ ಬೇಡ, ಮೇಷ್ಟರದ್ದು ಒಂದಾದರೂ ಲ್ಯಾಬಿನೊಳಗೆ ಬರಲಿ.

ಇದಕ್ಕೆಲ್ಲ ಹೊಸ ಸಾಮಾನು ಬೇಡ, ದುಡ್ಡೂ ಬೇಡ. ಪ್ರಯೋಗದ ಹಿಂದಿನ ದಿನ ಟೈಮ್‌ಟೇಬಲ್‌ನಲ್ಲಿ ಒಂದು ಪಿರಿಯಡ್ ಸಾಕು. ಏನಾಗಬಹುದು ಅಂತ ವಿದ್ಯಾರ್ಥಿ ಪೆನ್ನಿನಲ್ಲಿ ಬರೆದಿಡಲಿ. ಊಹೆ ತಪ್ಪಾದರೂ ಪರವಾಗಿಲ್ಲ, ಬರೆದದ್ದಕ್ಕೆ ರೆಕಾರ್ಡಿನ ಅಂಕದಲ್ಲಿ ಒಂದು ಪಾಲು ಕೊಡಿ. ಪರೀಕ್ಷೆ ನಡೆಸಲು ಬರುವವರೂ ಅಷ್ಟೇ: ರೀಡಿಂಗ್ ಸರಿ ಬಂದಿಲ್ಲ ಅಂತ ಅಂಕ ಕತ್ತರಿಸುವ ಮೊದಲು ಯಾಕೆ ಬಂದಿಲ್ಲ ಅಂತ ಒಂದು ಮಾತು ಕೇಳಲಿ. ಈ ಸೆಮಿಸ್ಟರ್‌ನ ಟೈಮ್‌ಟೇಬಲ್ ಹಾಕುವ ಮುಂಚೆಯೇ ಪ್ರಾಂಶುಪಾಲರು ಇದನ್ನು ಗಮನಿಸಬೇಕು.

– ಭೌತಶಾಸ್ತ್ರ ಉಪನ್ಯಾಸಕಿ, ಸುರಪುರ, ಯಾದಗಿರಿ ಜಿಲ್ಲೆ