ಕೊನೆಯ ಹಾಳೆ ನನ್ನ ಬಳಿಯೇ ಇರಲಿ

ಪ್ರೀತಿಯ ತಮ್ಮಾ,

ಇಬ್ಬರು ಗಂಡಸರ ಒಲವಿನ ನಿನ್ನ ಚಿತ್ರಕಥೆಯನ್ನು ಎರಡು ಸಲ ಓದಿದೆ, ಜೊತೆಗಿಟ್ಟ ಕಾಗದವನ್ನು ಮೂರು ಸಲ. "ಇದನ್ನು ಯಾರು ತೆಗೀತಾರೆ ಸರ್, ಹರಿದು ಹಾಕಿಬಿಡಲಾ?" ಎಂದು ಕೇಳಿದ್ದೀಯ. ಹರಿಯಬೇಡ. ಯಾವ ಕ್ಯಾಮೆರಾ, ಎಷ್ಟು ದುಡ್ಡು ಬೇಕು, ಯಾವ ಫೆಸ್ಟಿವಲ್‌ಗೆ ಕಳಿಸಲಿ ಎಂದೆಲ್ಲ ಕೇಳಿದ್ದೀಯಲ್ಲ, ಅದನ್ನು ಹೇಳಿಕೊಡಲು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಹೇಳಬೇಕಾದದ್ದು ನಿನ್ನ ಕೊನೆಯ ಪುಟದ ಬಗ್ಗೆ.

ಅದಕ್ಕೂ ಮೊದಲು ಏಳನೆಯ ದೃಶ್ಯ. ಒಬ್ಬ ನೆನೆದ ಅಂಗಿ ಬಿಚ್ಚಿ ಕೊಡುತ್ತಾನೆ, ಇನ್ನೊಬ್ಬ ಹಿಂಡುತ್ತಾನೆ. ನೀರು ಇಬ್ಬರ ಪಾದಗಳ ಮೇಲೂ ಬೀಳುತ್ತದೆ. ಮಾತಿಲ್ಲ. ಹನಿ ನಿಂತ ಮೇಲೂ ಅವನು ಹಿಂಡುತ್ತಲೇ ಇರುತ್ತಾನೆ, ಅಂಗಿ ವಾಪಸ್ ಕೊಡಲು ಮನಸ್ಸಿಲ್ಲದೆ. ಇಲ್ಲಿಗೆ ಬಂದಾಗ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತುಬಿಟ್ಟೆ ಕಣೋ.

ಆಮೇಲೆ ನೀನು ಹೆದರಿದೆ. ಎಂಟನೆಯ ದೃಶ್ಯದಿಂದ "ಅವನು" ಮಾಯವಾಗಿ "ಆ ಆಕೃತಿ" ಶುರುವಾಯಿತು. ಆಕೃತಿ ಬಂತು, ಆಕೃತಿ ನಿಂತಿತು, ಆಕೃತಿ ಮುಟ್ಟಿತು. ನಮ್ಮ ಭಾಷೆಯಲ್ಲಿ ಕ್ರಿಯಾಪದವೇ ಗಂಡೋ ಹೆಣ್ಣೋ ಹೇಳಿಬಿಡುತ್ತದೆ. ಅದರ ಕಣ್ಣು ತಪ್ಪಿಸಲು ನಪುಂಸಕಲಿಂಗದೊಳಗೆ ಅಡಗಿ ಕೂತಿದ್ದೀಯ. ಅದೂ ಸಾಲದೆ ಕೊನೆಗೆ, "ಎಚ್ಚರವಾಯಿತು. ಪಕ್ಕದಲ್ಲಿ ಯಾರೂ ಇರಲಿಲ್ಲ." ಇಷ್ಟು ದೂರ ಬಂದು ಕನಸನ್ನು ಜಾಮೀನಿಗೆ ನಿಲ್ಲಿಸಿದ್ದೀಯಲ್ಲ, ಸಿಟ್ಟು ಬಂತು ನನಗೆ.

ಕಾಗದದಲ್ಲಿ ನೀನೇ ಮೆಚ್ಚಿ ಬರೆದ ಸಿನಿಮಾಗಳನ್ನು ಇನ್ನೊಮ್ಮೆ ನೋಡು. 1947ರಲ್ಲಿ 'ಫೈರ್‌ವರ್ಕ್ಸ್' ತೆಗೆದಾಗ ಕೆನೆತ್ ಆಂಗರ್‌ಗೆ 20 ವರ್ಷ. ಅಪ್ಪ ಅಮ್ಮ ಮನೆಯಲ್ಲಿಲ್ಲದ ವಾರಾಂತ್ಯ ನೋಡಿಕೊಂಡು, ಆ ಮನೆಯಲ್ಲೇ ಶೂಟಿಂಗ್ ಮಾಡಿ, ಕನಸು ಕಾಣುವ ಹುಡುಗನಾಗಿ ತಾನೇ ನಟಿಸಿದ. ಇಬ್ಬರು ಗಂಡಸರ ಕೂಟವನ್ನು ಅಮೆರಿಕದ ಕಾನೂನು ಅಪರಾಧವೆನ್ನುತ್ತಿದ್ದ ಕಾಲ ಅದು. ನಾವಿಕರು, ಹೊಡೆತ, ರಕ್ತ, ಬಾಣಬಿರುಸು ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಹುಡುಗನ ಪಕ್ಕ, ಅದೇ ಹಾಸಿಗೆಯಲ್ಲಿ, ಇನ್ನೊಬ್ಬ ಮಲಗಿದ್ದಾನೆ. ಅವನ ಮುಖ ಕಾಣದಂತೆ ಫಿಲಮಿನ ಮೇಲೆಯೇ ಗೀಚಿದ್ದಾರೆ. ಮುಖ ಮುಚ್ಚಿದರೇನು, ಹಾಸಿಗೆಯಲ್ಲಿ ಆಳಿದ್ದಾನೆ. ನಿನ್ನ ಹಾಸಿಗೆ ಯಾಕೆ ಖಾಲಿ?

ಫ್ರೆಂಚ್ ಲೇಖಕ ಝಾನ್ ಜೆನೆ 1950ರಲ್ಲಿ ಮಾಡಿದ ಮೂಕಿಚಿತ್ರದ ಹೊಗೆಯ ಬಗ್ಗೆ ಎರಡು ಪುಟ ಬರೆದಿದ್ದೀಯ. ಜೈಲಿನ ಅಕ್ಕಪಕ್ಕದ ಸೆಲ್‌ಗಳ ನಡುವಿನ ಗೋಡೆಯ ಸಣ್ಣ ತೂತಿಗೆ ಹುಲ್ಲುಕಡ್ಡಿ ತೂರಿಸಿ ಒಬ್ಬ ಹೊಗೆ ಊದುತ್ತಾನೆ, ಅತ್ತಲವನು ಬಾಯಿ ತೆರೆದು ಎಳೆದುಕೊಳ್ಳುತ್ತಾನೆ. ಸರಿ. ಆದರೆ ಕಾವಲುಗಾರ ಒಳಗೆ ನುಗ್ಗಿ ಬೆಲ್ಟಿನಿಂದ ಬಾರಿಸುವಾಗ ತಾನೇ ಕೈದಿಯ ಕಣ್ಣೊಳಗೆ ಕನಸಿನ ಆ ಕಾಡು ತೆರೆದುಕೊಳ್ಳುವುದು? ಅದನ್ನು ಬಿಟ್ಟೇಬಿಟ್ಟಿದ್ದೀಯ. ಏಟು ತಿನ್ನುತ್ತಲೇ ಅವನು ಕನಸುತ್ತಾನೆ, ಗೋಡೆ ಇದ್ದಲ್ಲೇ ಇರುತ್ತದೆ.

ಇನ್ನು ಜೇಮ್ಸ್ ಬಿಡ್‌ಗುಡ್. ನನಗೆ ಎಲ್ಲರಿಗಿಂತ ಹತ್ತಿರದವನು. ಬಹುಪಾಲು ನ್ಯೂಯಾರ್ಕಿನ ತನ್ನ ಪುಟ್ಟ ಅಪಾರ್ಟ್‌ಮೆಂಟಿನಲ್ಲೇ, 1963ರಿಂದ ಸುಮಾರು ಏಳು ವರ್ಷ, 'ಪಿಂಕ್ ನಾರ್ಸಿಸಸ್' ತೆಗೆದ. ಕಾಡು, ಅಂತಃಪುರ, ಗೂಳಿಕಾಳಗದ ಅಖಾಡ, ಎಲ್ಲವನ್ನೂ ಕೈಯಾರೆ ಕತ್ತರಿಸಿ, ಹೊಲಿದು, ಅಂಟಿಸಿ, ಬಣ್ಣದ ಬೆಳಕು ಬಿಟ್ಟು. ನಡುವೆ ಒಬ್ಬ ಚೆಲುವ ಹುಡುಗ. ದುಡ್ಡು ಹಾಕಿದವರು ರೀಲುಗಳನ್ನು ಕಿತ್ತುಕೊಂಡು ತಮಗೆ ತೋಚಿದಂತೆ ಜೋಡಿಸಿದಾಗ ಅವನು ತನ್ನ ಹೆಸರು ತೆಗೆಸಿದ. 1971ರಲ್ಲಿ ನಿರ್ದೇಶಕನ ಹೆಸರಿಲ್ಲದೆಯೇ ಅದು ತೆರೆಗೆ ಬಂತು. ಮಾಡಿದವನು ಹೆಸರಾಂತ ಕಲಾವಿದ ಆಂಡಿ ವಾರ್‌ಹೋಲ್ ಇರಬೇಕೆಂದು ಎಷ್ಟೋ ಕಾಲ ಜನ ಊಹಿಸುತ್ತಿದ್ದರು. ಏಳು ವರ್ಷದ ದುಡಿಮೆಯನ್ನು ಹಾಗೆ ಬಿಟ್ಟುಕೊಡಲು ಎಂಥ ಎದೆ ಬೇಕು!

ನನಗೆ ಆ ಎದೆ ಇರಲಿಲ್ಲ. ನಿನ್ನ ವಯಸ್ಸಿನಲ್ಲಿ ನಾನೊಂದು ಕಥೆ ಬರೆದೆ. ಒಬ್ಬ ಗೆಳೆಯನ ಬಗ್ಗೆ, ಅವನೊಬ್ಬನಿಗಾಗಿ. ಸಂಪಾದಕರು ತುಂಬ ಹೊಗಳಿ ಕಾಗದ ಬರೆದರು. ಕೊನೆಯಲ್ಲಿ, "ಒಂದಕ್ಷರ ಬದಲಿಸಿದರೆ ಮುಂದಿನ ಸಂಚಿಕೆಗೇ ಹಾಕಬಹುದು" ಎಂದಿದ್ದರು. "ಅವನು" ಇದ್ದಲ್ಲೆಲ್ಲ "ಅವಳು". ಹೊಗಳಿಕೆಯ ಅಮಲಿನಲ್ಲಿ ಮರುಟಪಾಲಿಗೇ ಒಪ್ಪಿಗೆ ಕಳಿಸಿದೆ. ಒಂದಕ್ಷರ ಎಲ್ಲಿ ಬಂತು? ಬಂದನು ಬಂದಳಾಗಬೇಕು, ಅವನ ಬೆನ್ನು ಅವಳ ಬೆನ್ನಾಗಬೇಕು, ಗಡ್ಡ ಒರಟಾಗಿ ಕೆನ್ನೆಗೆ ತಾಗುವ ಸಾಲು ಪೂರ್ತಿ ಹೋಗಬೇಕು. ನಾನೇ ಕೂತು ಹೊಡೆದು ಹಾಕಿದೆ. ಕಥೆ ಹೆಸರು ಮಾಡಿತು. ಗೆಳೆಯ ಪತ್ರಿಕೆ ಹಿಡಿದುಕೊಂಡು ಬಂದ, "ಚೆನ್ನಾಗಿದೆ" ಎಂದ, ಮೇಜಿನ ಮೇಲಿಟ್ಟು ಹೋದ. ಆ ವಿಷಯ ನಾವಿಬ್ಬರೂ ಮತ್ತೆಂದೂ ಎತ್ತಲಿಲ್ಲ. ಈಗಲೂ ಯಾರಾದರೂ ಆ ಕಥೆಯನ್ನು ಮೆಚ್ಚಿ ಮಾತಾಡಿದರೆ ನನಗೆ ಕೇಳಿಸಿಕೊಳ್ಳಲು ಆಗುವುದಿಲ್ಲ.

ನಿನ್ನ ಹೆಸರು ಹಾಕಬೇಕೋ ಬೇಡವೋ, ಮನೆಯವರಿಗೆ ಗೊತ್ತಾದರೆ ಏನಾದೀತು, ಅದನ್ನು ನೀನು ನೋಡಿಕೋ. ಧೈರ್ಯ ಮಾಡು ಎಂದು ದೂರದಲ್ಲಿ ಕೂತು ಹೇಳುವ ಹಕ್ಕು ನನಗಿಲ್ಲ. ಬೇಕಾದರೆ ಹೆಸರು ಬಚ್ಚಿಡು. ಆಂಗರ್ ಮಾಡಿದ ಹಾಗೆ ಮುಖ ಗೀಚು. ಆದರೆ ಅಂಗಿ ಹಿಂಡಿದವನು ಅಂಗಿ ಹಿಂಡಿದವನಾಗಿಯೇ ಉಳಿಯಲಿ. ಅವನನ್ನು "ಅದು" ಮಾಡಬೇಡ.

ದುಡ್ಡಿಲ್ಲ ಎಂದು ಕೊರಗಿದ್ದೀಯ. ಜಾಕ್ ಸ್ಮಿತ್ 'ಫ್ಲೇಮಿಂಗ್ ಕ್ರೀಚರ್ಸ್' ತೆಗೆದದ್ದು ಅವಧಿ ಮುಗಿದ ಫಿಲಮಿನಲ್ಲಿ. ನಿನ್ನನ್ನು ಮರುಳು ಮಾಡಿದ ಆ ಮಸುಕು ಬಿಳುಪು ಅಲ್ಲಿಂದಲೂ ಬಂದದ್ದು. ಇದಕ್ಕಿಂತ ಹೆಚ್ಚು ಆ ವಿಚಾರ ಬೇಡ.

ಪ್ರತಿಯನ್ನು ವಾಪಸ್ ಕಳಿಸುತ್ತಿದ್ದೇನೆ. ಎಣಿಸಿ ನೋಡಿದರೆ ಒಂದು ಹಾಳೆ ಕಮ್ಮಿ ಇರುತ್ತದೆ; "ಎಚ್ಚರವಾಯಿತು" ಇದ್ದ ಆ ಹಾಳೆ ನನ್ನ ಬಳಿಯೇ ಇರಲಿ. ಎಂಟನೆಯ ದೃಶ್ಯದಿಂದ ಮತ್ತೆ ಬರಿ, ಅಂಗಿ ಇನ್ನೂ ಅವನ ಕೈಯಲ್ಲೇ ಇದೆ. ಮುಗಿದ ತಕ್ಷಣ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ
ಅಣ್ಣ